ದಿವೆ ಘಾಟ್ ಇಳಿದ ಅರ್ಧ ಲಾರಿ

ನಾನು ಮದುವೆಯಾಗಿ ಪುಣೆಗೆ ಬಂದಾಗ ಈಗಿನ ಶಿವಾಜಿನಗರಕ್ಕೆ ಭಾಂಬುರ್ಡೆ ಎಂದು ಹೆಸರಿತ್ತು. ಮನೆಯ ಹಿಂದೆ ಜೋಳದ ಹೊಲ, ಹೊಲ ದಾಟಿದರೆ ನದಿ. ನನ್ನ ಮಾವ ರೈಲ್ವೆಯಲ್ಲಿ ಗುಮಾಸ್ತರಾಗಿ ಧಾರವಾಡದಿಂದ ಬಂದು ಇಲ್ಲಿಯೇ ನೆಲೆಸಿದವರು. ನಾನು ಹೊಸ್ತಿಲು ತುಳಿಯುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ಅತ್ತೆ ಮತ್ತು ಅವರ ಒಬ್ಬನೇ ಮಗ.

ಮಗನೂ ಅಪ್ಪನ ಹಾಗೆ ಕುರ್ಚಿಯ ಮೇಲೆ ಕೂತು ಬರೆಯುವ ಕೆಲಸ ಹಿಡಿಯಲಿ ಎಂದು ಅತ್ತೆಯ ಆಸೆ. ನನ್ನ ಗಂಡನಿಗೆ ಮಾತ್ರ ಅಕ್ಷರಕ್ಕಿಂತ ಕಬ್ಬಿಣದ ಮೇಲೆ ಪ್ರೀತಿ. ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಪರೀಕ್ಷೆಯ ದಿನವೇ ದಂಡಿನ ಪ್ರದೇಶವಾದ ಕ್ಯಾಂಪಿನ ಒಂದು ಮೋಟಾರ್ ಗ್ಯಾರೇಜಿಗೆ ಹೋಗಿ ಕೆಲಸ ಕೇಳಿದವರು ಅವರು. ಸಂಜೆ ಮನೆಗೆ ಬಂದರೆ ಮೊಣಕೈವರೆಗೆ ಕರಿ ಎಣ್ಣೆ. ಅತ್ತೆ ಬಚ್ಚಲ ಬಾಗಿಲಲ್ಲಿ ಸೀಗೆಪುಡಿಯ ಬಟ್ಟಲು ಹಿಡಿದು ನಿಂತಿರುತ್ತಿದ್ದರು.

"ನಮ್ಮ ಮನಿತನದಾಗ ಎಲ್ಲಾರ ಬಟ್ಟಿಗೂ ಮಸಿ ಹತ್ತತಿತ್ತು," ಎನ್ನುತ್ತಿದ್ದರು ಅತ್ತೆ. "ಆದರ ಅದು ಬರಿಯೋ ದೌತಿಯ ಮಸಿ."

ಮದುವೆಯಾಗಿ ಒಂದು ವರ್ಷವಾಗಿತ್ತು. ಗ್ಯಾರೇಜಿಗೆ ಬರುತ್ತಿದ್ದ ಒಬ್ಬ ಡಾಕ್ಟರರ ದೊಡ್ಡ ಅಮೆರಿಕದ ಮೋಟಾರು ಹಳ್ಳಕ್ಕೆ ಉರುಳಿತು. ಡಾಕ್ಟರರಿಗೆ ತರಚಿದ ಗಾಯವಷ್ಟೇ ಆಯಿತು. ಮೋಟಾರಿನ ಹಿಂಭಾಗ ಮಾತ್ರ ಅಪ್ಪಚ್ಚಿ. ಅವರ ಹೆಂಡತಿ ಅದನ್ನು ಮತ್ತೆ ಅಂಗಳದಲ್ಲಿ ನೋಡಲು ಒಪ್ಪಲಿಲ್ಲವಂತೆ. "ಯಾರಾದರೂ ತೆಗೆದುಕೊಂಡು ಹೋಗಿ" ಎಂದು ಡಾಕ್ಟರರು ಅಂದದ್ದೇ ತಡ, ನನ್ನ ಗಂಡ ಎರಡು ಎತ್ತು ಕಟ್ಟಿ ಅದನ್ನು ಎಳೆಸಿಕೊಂಡು ಬಂದರು. ಎತ್ತುಗಳು ನಮ್ಮ ಅಂಗಳಕ್ಕೆ ತಿರುಗಿದಾಗ ಅತ್ತೆ ತುಳಸಿಗೆ ನೀರು ಹಾಕುತ್ತಿದ್ದರು. ತಂಬಿಗೆ ಹಾಗೇ ಹಿಡಿದುಕೊಂಡು, "ಇದೇನೋ?" ಎಂದರು.

"ಮೋಟಾರು, ಅವ್ವಾ."

"ಸತ್ತದೋ ಬದುಕೇದೋ?"

"ಎಂಜಿನ್ ಬದುಕೇದ. ಹಿಂದಿಂದು ಸತ್ತದ."

ಹಿಂದಿನ ಸತ್ತ ಭಾಗವನ್ನು ಕತ್ತರಿಸಿ ತೆಗೆದು, ಅಲ್ಲಿ ಕಟ್ಟಿಗೆಯ ತೊಟ್ಟಿ ಕೂರಿಸಿ, ಮಾಲು ಸಾಗಿಸುವ ಗಾಡಿ ಮಾಡುವುದು ಅವರ ಯೋಚನೆ. ಈಗಿನವರು ಅಂಥದನ್ನು ಪಿಕಪ್ ಅನ್ನುತ್ತಾರೆ. ಮುಂದೆ ಕಾರು, ಹಿಂದೆ ಲಾರಿ ಇದ್ದುದರಿಂದ ನಮ್ಮ ಓಣಿಯವರು ಅದಕ್ಕೆ ಅರ್ಧ ಲಾರಿ ಎಂದು ಹೆಸರಿಟ್ಟರು. ಎತ್ತಿನ ಗಾಡಿ ಕಟ್ಟುವ ಬಡಿಗ ಬಂದು ಜಾಲಿಯ ಹಲಗೆಗಳಿಂದ ತೊಟ್ಟಿ ಮಾಡಿಕೊಟ್ಟ. ಮಾಲಿನ ಮೇಲೆ ಹೊದಿಸುವ ತಾಡಪತ್ರಿಯನ್ನು ನಾನು ಹೊಲಿದೆ. ದಪ್ಪ ಬಟ್ಟೆ, ಗೋಣಿದಬ್ಬಣ. ಬೆರಳ ತುದಿಯ ಚರ್ಮ ಎದ್ದು ಹೋಯಿತು.

ಬೆಟ್ಟದ ಮೇಲಿನ ಸಾಸವಡದ ಕಡೆಯ ಒಬ್ಬ ಅಂಜೂರದ ರೈತರು ನನ್ನ ಗಂಡನಿಗೆ ಪರಿಚಯ. ಅವರ ಹಣ್ಣು ಎತ್ತಿನ ಗಾಡಿಯಲ್ಲಿ ದಿವೆ ಘಾಟ್ ಇಳಿದು ಪುಣೆಯ ಹಣ್ಣಿನ ಪೇಟೆ ಮಂಡಈ ಮುಟ್ಟುವಷ್ಟರಲ್ಲಿ ಬುಟ್ಟಿಯ ತಳದ ಹಣ್ಣೆಲ್ಲ ಜಜ್ಜಿ ರಸ ಸೋರುತ್ತಿತ್ತು. "ನಿಮ್ಮ ಮೋಟಾರು ತಯಾರಾದರೆ ನನ್ನ ಹಣ್ಣು ಸಾಗಿಸುವ ಕೆಲಸ ನಿಮಗೇ" ಎಂದು ಅವರು ಮಾತು ಕೊಟ್ಟಿದ್ದರು.

ಮೊದಲ ಪರೀಕ್ಷೆಗೆ ನದಿಯಿಂದ ಮರಳು ತುಂಬಿಸಿದರು. ಗಾಡಿ ಬುಸುಗುಟ್ಟುತ್ತ ಹೊರಟಿತು. ಲಕಡಿ ಪೂಲ್ ಎಂಬ ಸೇತುವೆಯ ಹತ್ತಿರ ಒಂದು ಸಣ್ಣ ತಗ್ಗಿಗೆ ಗಾಲಿ ಇಳಿದದ್ದೇ ನೆವ, ಪಟ್ಟೆಂದು ಸದ್ದಾಗಿ ಹಿಂದಿನ ಬಲಮೂಲೆ ಕೂತುಬಿಟ್ಟಿತು. ಭಾರ ಹೊರುವ ಕಮಾನು ಪಟ್ಟಿ ಮುರಿದಿತ್ತು. ಸಂಜೆ ಪೇಟೆಯ ಜನ ಸುತ್ತ ನಿಂತು ನೋಡಿದರು. ಮರಳನ್ನೆಲ್ಲ ರಸ್ತೆಯ ಬದಿಗೆ ಸುರಿದು, ಖಾಲಿ ಗಾಡಿಯನ್ನು ಕುಂಟಿಸುತ್ತ ಮನೆಗೆ ತಂದರು. ಆ ದಿನ ಅವರು ಊಟಕ್ಕೆ ಕೂತು ಅನ್ನ ಕಲಸಿ ಕಲಸಿ ಹಾಗೇ ಎದ್ದರು.

ಅತ್ತೆ ಬೈಯಲಿಲ್ಲ. "ಮಂದಿ ಕೂಡ್ಲಿಕ್ಕೆ ಮಾಡಿದ್ದರ ಮ್ಯಾಲ ಮೂಟಿ ಹೇರಿದರ ಅದರ ಸೊಂಟ ಹ್ಯಾಂಗ ತಡದೀತು?" ಎಂದರು ಅಷ್ಟೆ.

ಮರುದಿನ ನನ್ನ ಗಂಡ ಅದೇ ಮಾತನ್ನು ಹಿಡಿದುಕೊಂಡು ಎದ್ದರು. "ಅವ್ವ ಹೇಳಿದ್ದು ಖರೇ ಅದ. ಸೊಂಟಾನ ಬದಲಿಸಬೇಕು."

ಅಲ್ಲಿಂದ ನಮ್ಮ ಮನೆಯ ಅಂಗಳ ನಾಲ್ಕು ತಿಂಗಳು ಕಮ್ಮಾರಸಾಲೆಯಾಯಿತು. ಈ ನಾಲ್ಕು ತಿಂಗಳಲ್ಲಿಯೇ ನಾನೂ ಆ ಕೆಲಸದೊಳಗೆ ಇಳಿದದ್ದು. ಮೋಟಾರಿನ ಸೀಟಿನ ಕೆಳಗೆ ಅದರ ಕೈಪಿಡಿ ಸಿಕ್ಕಿತ್ತು. ಎಣ್ಣೆಯ ಕಲೆಯ ಇಂಗ್ಲಿಷ್ ಪುಸ್ತಕ. ಧಾರವಾಡದಲ್ಲಿ ನಾನು ಇಂಗ್ಲಿಷ್ ಐದನೆಯ ಇಯತ್ತೆಯವರೆಗೆ ಕಲಿತಿದ್ದೆ. ಮದುವೆಯಾದ ಮೇಲೆ ಆ ಕಲಿಕೆಗೆ ಕೆಲಸವಿರಲಿಲ್ಲ. ಒಂದು ಮಧ್ಯಾಹ್ನ ಅವರು ಚಿತ್ರಗಳನ್ನು ಮಾತ್ರ ನೋಡುತ್ತ ಪುಟ ತಿರುವುತ್ತಿದ್ದಾಗ ನಾನು ಬಾಗಿ, ಚಿತ್ರದ ಕೆಳಗಿನ ಸಾಲನ್ನು ಕನ್ನಡದಲ್ಲಿ ಹೇಳಿದೆ. ಅವರು ತಲೆಯೆತ್ತಿ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಮುಂದಿದೆ. ಬಾವಿಯಲ್ಲಿ ನೀರಿದೆಯೆಂದು ಈಗಷ್ಟೇ ತಿಳಿದವನ ಮುಖ.

"ನಿನಗ ಇದು ಓದ್ಲಿಕ್ಕೆ ಬರ್ತದ?"

"ಬರ್ತದರಿ."

"ಮತ್ತ ಇಷ್ಟು ದಿವಸ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

ಅಂದಿನಿಂದ ರವಿವಾರವೆಲ್ಲ ನನ್ನ ಓದು, ಅವರ ಕೈ. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನಾನು ಒಂದೊಂದು ಸಾಲು ಓದಿ ಹೇಳುತ್ತಿದ್ದೆ, ಅವರು ಗಾಡಿಯ ಕೆಳಗೆ ಮಲಗಿ "ಹೂಂ, ಮುಂದ?" ಎನ್ನುತ್ತಿದ್ದರು. ಕೆಲವು ಶಬ್ದ ನನಗೂ ತಿಳಿಯುತ್ತಿರಲಿಲ್ಲ. ಆಗ ಅದು ಯಾವ ಭಾಗ, ಏನು ಕೆಲಸ ಮಾಡುತ್ತದೆ ಎಂದು ಅವರೇ ಹೊರಗೆ ಬಂದು ತೋರಿಸುತ್ತಿದ್ದರು. ಹೀಗೆ ನಾನು ಅಕ್ಷರದಿಂದ, ಅವರು ಕಬ್ಬಿಣದಿಂದ ಹೊರಟು ಒಂದೇ ಕಡೆ ಬಂದು ಮುಟ್ಟುತ್ತಿದ್ದೆವು. ಗಂಡಹೆಂಡತಿ ಕೂತು ಅಷ್ಟು ಹೊತ್ತು ಮಾತಾಡುವುದು ಆ ಕಾಲದ ಮನೆಗಳಲ್ಲಿ ಇರಲಿಲ್ಲ. ಆಡಿದ್ದೆಲ್ಲ ನಟ್ಟು ಬೋಲ್ಟಿನ ಮಾತೇ ಆದರೂ ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಹಳೆಯ ಸಾಮಾನು ಮಾರುವ ಜುನಾ ಬಾಜಾರಿನಲ್ಲಿ ಲಾರಿಯೊಂದರ ಹಿಂದಿನ ಗಾಲಿಗಳ ಅಚ್ಚು ಸಿಕ್ಕಿತು. ನಮ್ಮ ಗಾಡಿಯಲ್ಲಿ ಎಂಜಿನ್ನಿನ ಬಲ ಹೋಗುತ್ತಿದ್ದದ್ದು ಹಿಂದಿನ ಎರಡು ಗಾಲಿಗೆ ಮಾತ್ರ. ಭಾರ ಬೀಳುವುದೂ ಅಲ್ಲಿಯೇ, ಎಳೆಯಬೇಕಾದದ್ದೂ ಅಲ್ಲಿಯೇ. ಲಾರಿಯ ಅಚ್ಚು ದಪ್ಪ. ಅದರ ನಡುವಿನ ಡಬ್ಬಿಯಲ್ಲಿದ್ದ ಹಲ್ಲುಗಾಲಿಗಳ ಲೆಕ್ಕವೇ ಬೇರೆ. ಓಟ ಕಡಿಮೆ, ಎಳೆತ ಹೆಚ್ಚು. ಆದರೆ ಅದು ನಮ್ಮ ಗಾಡಿಗಿಂತ ಗೇಣಗಲ ಜಾಸ್ತಿ ಇತ್ತು. ಕಮಾನು ಕೂರುವ ಜಾಗಗಳನ್ನು ಸರಿಸಬೇಕಾಯಿತು. ಎಂಜಿನ್ನಿನಿಂದ ಅಚ್ಚಿಗೆ ಹೋಗುವ ಉದ್ದನೆಯ ದಂಡವನ್ನು ಕತ್ತರಿಸಿ ಗಿಡ್ಡ ಮಾಡಬೇಕಾಯಿತು. ಕತ್ತರಿಸುವ ಮುನ್ನ ಅವರು ಮೂರು ದಿನ ಅಳೆದರು. ನನ್ನ ಕೈಯಿಂದಲೂ ಅಳೆಸಿದರು.

ಕಮಾನು ಮಾಡಿಕೊಟ್ಟವರು ಕಸಬಾ ಪೇಟೆಯ ಒಬ್ಬ ಮುದಿ ಕಮ್ಮಾರರು, ಮರಾಠರು. ಅವರು ಹಳೆಯ ರೈಲುಡಬ್ಬಿಯ ಕಮಾನುಗಳನ್ನು ಬಿಚ್ಚಿ, ಕಾಸಿ, ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ, ಒಂದೊಂದು ಬದಿಗೆ ಒಂಬತ್ತು ಪಟ್ಟಿಗಳನ್ನು ಜೋಡಿಸಿದರು. ಮೊದಲು ಇದ್ದದ್ದು ಐದೇ. ಗಾಡಿಯ ಬುಡದ ಚೌಕಟ್ಟಾದ ಚಾಸಿಯ ಎರಡು ಉದ್ದ ಕಬ್ಬಿಣಗಳಿಗೂ ಒಳಗಿನಿಂದ ಇನ್ನೊಂದೊಂದು ಪಟ್ಟಿ ಕೊಟ್ಟು ಬಿಗಿಸುವುದಿತ್ತು. ಕಮ್ಮಾರರು ಕೆಂಪಗೆ ಕಾದ ರಿವಿಟ್ ಮೊಳೆಯನ್ನು ತೂತಿಗೆ ಇಡುತ್ತಿದ್ದರು, ನನ್ನ ಗಂಡ ಸುತ್ತಿಗೆ ಹೊಡೆಯುತ್ತಿದ್ದರು. ಆಚೆಯಿಂದ ಭಾರದ ಕಬ್ಬಿಣವನ್ನು ಒತ್ತಿ ಹಿಡಿಯಲು ಒಬ್ಬರು ಬೇಕಿತ್ತು. ನಾನು ಕಚ್ಚೆ ಬಿಗಿದು ಕೂತೆ.

ಕಮ್ಮಾರರು ತಡೆದು ಮರಾಠಿಯಲ್ಲಿ ನನ್ನ ಗಂಡನನ್ನು ಕೇಳಿದರು, "ಸೂನ್‌ಬಾಯಿಗೆ ಹೆದರಿಕೆ ಆಗುವುದಿಲ್ಲವೇ?"

ಉತ್ತರ ಕೊಟ್ಟದ್ದು ಕಟ್ಟೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದ ಅತ್ತೆ, ತಮ್ಮ ಧಾರವಾಡದ ಮರಾಠಿಯಲ್ಲಿ: "ನನ್ನ ಸೊಸೆಗೆ ನನ್ನದೇ ಹೆದರಿಕೆ ಇಲ್ಲ, ಕಬ್ಬಿಣದ್ದು ಎಲ್ಲಿಂದ ಬರಬೇಕು?"

ಅದು ಬೈಗುಳವೋ ಹೊಗಳಿಕೆಯೋ ನನಗೆ ಗೊತ್ತಾಗಲಿಲ್ಲ. ಆದರೆ ಸಂಜೆ ನನ್ನ ಅಂಗೈಗೆ ಅವರೇ ಬೆಣ್ಣೆ ಸವರಿದರು.

ಎರಡನೆಯ ಪರೀಕ್ಷೆ ಮತ್ತೆ ನದಿಯ ದಂಡೆಯಲ್ಲಿ. ಈ ಸಲ ಅತ್ತೆ ತಾವೇ ತೆಂಗಿನಕಾಯಿ ಒಡೆದು ಪೂಜೆ ಮಾಡಬೇಕೆಂದು ಬಂದಿದ್ದರು. ಹಿಂದೆ ಓಣಿಯ ಏಳೆಂಟು ಹೆಂಗಸರು. ಪೂಜೆ ಮುಗಿಯಿತು. ಮರಳು ತುಂಬುವ ಜಾಗಕ್ಕೆ ಗಾಡಿ ತರಲು ಹೋದರೆ ಖಾಲಿ ಗಾಡಿಯ ಹಿಂದಿನ ಗಾಲಿಗಳು ಸಡಿಲ ಮರಳಿನಲ್ಲಿ ಗಿರಗಿರನೆ ತಿರುಗಿ ಅಲ್ಲಿಯೇ ಹೂತವು. ಮುಂದೆ ಎಂಜಿನ್ನಿನ ಭಾರ, ಹಿಂದೆ ಏನೂ ಇಲ್ಲ. ಎಳೆಯಬೇಕಾದ ಗಾಲಿಗೆ ನೆಲದ ಹಿಡಿತವೇ ಸಿಗಲಿಲ್ಲ.

ನನ್ನ ಗಂಡ ಇಳಿದು ನೋಡಿದರು. ಆಮೇಲೆ ಸಂಕೋಚದಿಂದ, "ಅವ್ವಾ, ಸ್ವಲ್ಪ ಹಿಂದ ಹತ್ತಿ ಕೂಡ್ತೀಯೇನು?" ಎಂದರು.

"ನಾನು?"

"ಭಾರ ಬೇಕವ್ವಾ."

ಅತ್ತೆ ಮಗನನ್ನು ಒಮ್ಮೆ ದಿಟ್ಟಿಸಿದರು. ಆಮೇಲೆ ಓಣಿಯ ಹೆಂಗಸರತ್ತ ತಿರುಗಿ, "ಬರ್ರಿ, ಎಲ್ಲಾರೂ ಹತ್ರಿ. ಇಷ್ಟು ವರ್ಷ ತಿಂದದ್ದು ಯಾವಾಗರೆ ಉಪಯೋಗಕ್ಕ ಬರಬೇಕಲ್ಲ," ಎಂದರು. ಒಂಬತ್ತು ವಾರಿಯ ಸೀರೆಗಳೆಲ್ಲ ತೊಟ್ಟಿ ಹತ್ತಿದವು. ಗಾಡಿ ಒಮ್ಮೆ ನರಳಿ, ಗಾಲಿ ನೆಲ ಕಚ್ಚಿ, ಎಲ್ಲರನ್ನೂ ಹೊತ್ತು ದಂಡೆಯ ಮೇಲೆ ಬಂದು ನಿಂತಿತು. ಆಮೇಲೆ ತುಂಬಿದ ಮರಳಿಗೂ ಕಮಾನು ಬಾಗಿತೇ ಹೊರತು ಕೂರಲಿಲ್ಲ. ಅತ್ತೆ ಆ ಕಥೆಯನ್ನು ವರ್ಷಗಟ್ಟಲೆ ಹೇಳಿದರು. ಪ್ರತಿ ಸಲವೂ ಗಾಡಿ ಇನ್ನಷ್ಟು ಆಳಕ್ಕೆ ಹೂತಿರುತ್ತಿತ್ತು.

ಅದೇ ನದಿದಂಡೆಯ ಬಯಲಿನಲ್ಲಿ ನನ್ನ ಗಂಡ ಎರಡು ಸಲ ನನ್ನನ್ನು ನಡೆಸುವ ಸೀಟಿನಲ್ಲಿ ಕೂರಿಸಿದರು. ಗೇರು ಬದಲಿಸುವಾಗ ಕ್ಲಚ್ಚನ್ನು ಎರಡು ಸಲ ತುಳಿಯಬೇಕೆಂದು ಪುಸ್ತಕದಲ್ಲಿತ್ತು. ಯಾಕೆ ಎಂದು ನಾನು ಕೇಳಿದ್ದಕ್ಕೆ, "ಹೇಳಿದರ ತಿಳಿಯಂಗಿಲ್ಲ, ಕೂತು ನೋಡು" ಎಂದರು. ಗಾಡಿ ಬೆದರಿದ ಎಮ್ಮೆಯ ಹಾಗೆ ಹಾರಿ ನಿಂತಿತು. ಎರಡನೆಯ ದಿನ ಬಯಲನ್ನು ನಾಲ್ಕು ಸುತ್ತು ಹಾಕಿದೆ. ಅಷ್ಟೇ ನನ್ನ ವಿದ್ಯೆ.

ಅಂಜೂರದ ಹಂಗಾಮು ಬಂತು. ನಾಲ್ಕು ಸರತಿ ಅವರು ಒಬ್ಬರೇ ಹೋಗಿ ಹಣ್ಣು ತಂದರು. ಒಂದು ಹಣ್ಣೂ ಜಜ್ಜಿರಲಿಲ್ಲ. ಐದನೆಯ ಸಲ ಅತ್ತೆ, "ಇಕಿನೂ ಕರಕೊಂಡು ಹೋಗು. ತಾ ಹೊಲಿದ ತಾಡಪತ್ರಿ ಘಾಟಿನಾಗ ಹ್ಯಾಂಗ ಹಾರ್ತದ ನೋಡಲಿ," ಎಂದು ಭಕ್ಕರಿ, ಬದನೆಕಾಯಿ ಎಣಗಾಯಿ ಕಟ್ಟಿಕೊಟ್ಟರು. ಹೋಗುವಾಗ ಗಾಡಿ ಘಾಟ್ ಹತ್ತಿದ್ದನ್ನು ಏನೆಂದು ಹೇಳಲಿ! ನಿಧಾನ, ಆದರೆ ಎಲ್ಲಿಯೂ ಏದುಸಿರಿಲ್ಲ. ಒಂದೊಂದು ತಿರುವಿನಲ್ಲೂ ಕೆಳಗಿನ ಕೆರೆ ಸಣ್ಣದಾಗುತ್ತ ಹೋಗುತ್ತಿತ್ತು. ನಾವಿಬ್ಬರೂ ಎಂಜಿನ್ನಿನ ಸದ್ದನ್ನೇ ಕೇಳುತ್ತ ಕೂತಿದ್ದೆವು.

ರೈತರ ತೋಟದಲ್ಲಿ ಊಟವಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವರೂ ನನ್ನ ಗಂಡನೂ ಬುಟ್ಟಿ ಹೇರತೊಡಗಿದರು. ನಾನು ನಡೆಸುವ ಸೀಟಿನಲ್ಲಿ ಕೂತು, ಪುಸ್ತಕದಲ್ಲಿ ಓದಿದ್ದನ್ನು ಮನಸ್ಸಿನಲ್ಲೇ ಒಪ್ಪಿಸುತ್ತ, ಕಾಲು ಕೈ ಆಡಿಸಿದೆ. ಸ್ಟಿಯರಿಂಗ್ ಚಕ್ರದ ನಡುವೆ ಎರಡು ಸಣ್ಣ ಹಿಡಿಗಳಿದ್ದವು. ಒಂದು ಪೆಟ್ರೋಲಿನದು, ಇನ್ನೊಂದು ಎಂಜಿನ್ನಿನೊಳಗಿನ ಕಿಡಿ ಬೇಗ ಹತ್ತಬೇಕೋ ತಡವಾಗಿ ಹತ್ತಬೇಕೋ ಎಂದು ಹೇಳುವಂಥದು. ಗಾಡಿ ಓಡುವಾಗ ಈ ಕಿಡಿಯ ಹಿಡಿಯನ್ನು ಮೇಲಕ್ಕೆ ಏರಿಸಬೇಕು. ಮುಂದಿನಿಂದ ಹ್ಯಾಂಡಲ್ ತಿರುವಿ ಎಂಜಿನ್ ಎಬ್ಬಿಸುವಾಗ ಕೆಳಕ್ಕೆ ಇಳಿಸಿಡಬೇಕು. ಇಳಿಸದಿದ್ದರೆ ಎಂಜಿನ್ ಹಿಂದಕ್ಕೆ ಒದ್ದು ಹ್ಯಾಂಡಲ್ ಹಿಡಿದವರ ಕೈ ಮುರಿಯಬಹುದು. ಆ ಸಾಲನ್ನು ಅವರಿಗೆ ಓದಿ ಹೇಳಿದವಳು ನಾನೇ. ಆಟದಲ್ಲಿ ನಾನು ಆ ಹಿಡಿಯನ್ನು ಏರಿಸಿದೆ. ಅಷ್ಟರಲ್ಲಿ ರೈತರ ಹೆಂಡತಿ ಮಜ್ಜಿಗೆ ಹಿಡಿದು ಕರೆದಳು. ಏರಿಸಿದ್ದನ್ನು ಇಳಿಸದೆಯೇ ನಾನು ಕೆಳಗಿಳಿದು ಹೋದೆ.

ಮಜ್ಜಿಗೆಯ ಲೋಟ ಕೈಯಲ್ಲಿದ್ದಾಗ ಆ ಸದ್ದು ಕೇಳಿತು. ಒಣ ಕಟ್ಟಿಗೆ ಮುರಿದಂಥ ಸದ್ದು, ಹಿಂದೆಯೇ ನನ್ನ ಗಂಡನ ಕೂಗು. ನೋಡಿದರೆ ಎಂಜಿನ್ ಎಬ್ಬಿಸಲು ಹೋದ ಅವರು ಮೋಟಾರಿನ ಮುಂದೆ ಮೊಣಕಾಲೂರಿ, ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದರು. ಮಣಿಕಟ್ಟಿನ ಮೇಲೆ ಕೈ ವಾರೆಯಾಗಿತ್ತು.

ಇಳಿಸದೆ ಬಿಟ್ಟ ಹಿಡಿ ನನಗೆ ಆ ಗಳಿಗೆಯಲ್ಲಿಯೇ ನೆನಪಾಯಿತು. ಲೋಟ ಕೆಳಗಿಟ್ಟು ಅವರತ್ತ ಓಡಿದೆ.

ರೈತರು ಬಿದಿರಿನ ಸೀಳುಗಳನ್ನಿಟ್ಟು ತಮ್ಮ ರುಮಾಲಿನಿಂದ ಕೈ ಕಟ್ಟಿದರು. ಅವರ ಮುಖದಲ್ಲಿ ಹಣ್ಣಿನ ಚಿಂತೆಯೂ ಇತ್ತು, ಬಾಯಿ ಬಿಟ್ಟು ಆಡಲಿಲ್ಲ ಅಷ್ಟೆ. ಹೇರಿದ ಅಂಜೂರ ಮರುದಿನದ ಬಿಸಿಲಿಗೆ ನಿಲ್ಲುವಂಥದ್ದಲ್ಲ. ಎತ್ತಿನ ಗಾಡಿ ಕಟ್ಟಿದರೆ ನನ್ನ ಗಂಡ ಪುಣೆಯ ಆಸ್ಪತ್ರೆ ಮುಟ್ಟುವುದು ಬೆಳಗಿಗೆ. ಹತ್ತಿರದಲ್ಲಿ ಮೋಟಾರು ನಡೆಸಬಲ್ಲ ಇನ್ನೊಬ್ಬರಿಲ್ಲ.

ನನ್ನ ಗಂಡ ಬೆವರು ಒರೆಸಿಕೊಂಡು ನನ್ನನ್ನು ನೋಡಿದರು. "ನೀ ನಡಸ್ತೀಯೇನು?"

"ನಾನೇನ್ರಿ? ಘಾಟಿನಾಗ?"

"ಗಾಡಿ ನಿನಗ ಗೊತ್ತದ. ನಾ ಬಾಜೂಕ ಇರ್ತೇನಿ. ಅವಸರ ಇಲ್ಲ. ನಡಕೋತ ಹೋದಂಗ ಹೋಗೂಣು."

ರೈತರು ಹ್ಯಾಂಡಲ್ ಹಿಡಿದರು. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಡಬೇಕು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು ಎಂದು ನನ್ನ ಗಂಡ ಕುಳಿತಲ್ಲಿಂದಲೇ ಹೇಳಿದರು. ಅದಕ್ಕೂ ಮೊದಲು ಎಡಗೈ ಚಾಚಿ ಆ ಹಿಡಿಯನ್ನು ಸದ್ದಿಲ್ಲದೆ ಕೆಳಗಿಳಿಸಿದರು. ನಾನು ಅದನ್ನು ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

ಎಂಜಿನ್ ಎದ್ದಿತು. ರೈತರು ಎರಡು ದೊಡ್ಡ ಕಲ್ಲುಗಳನ್ನು ಎತ್ತಿಕೊಂಡು ಬುಟ್ಟಿಗಳ ಹಿಂದೆ ಕೂತರು. ಗಾಡಿ ನಿಂತಾಗ ಗಾಲಿಗೆ ಒಡ್ಡುವುದಕ್ಕೆ. ಮೇಲಿನ ಸಪಾಟು ದಾರಿ ಹೇಗೋ ಸಾಗಿತು. ಘಾಟಿನ ತಲೆಯ ಮೇಲೆ ಬಂದಾಗ ಅವರು, "ಇಲ್ಲೇ ನಿಲ್ಲಸು. ಇಳಿಯೋ ಮೊದಲ ಒಂದನೇ ಗೇರ್ ಹಾಕು. ಇಳಿಯೂ ಮುಂದ ಗೇರ್ ಮುಟ್ಟಬ್ಯಾಡ. ಗಾಡಿ ತಾನ ತನ್ನ ಹಿಡಕೊಂಡು ಹೋಗ್ತದ," ಎಂದರು.

ಮುಂದೆ ನೋಡಿದರೆ ದಾರಿ ಮೊದಲ ತಿರುವಿನಲ್ಲಿ ಮಾಯವಾಗಿತ್ತು. ಆಚೆಗೆ ಬರೀ ಆಕಾಶ.

ಲಾರಿಯ ಆ ದಪ್ಪ ಅಚ್ಚಿಗೆ ನಾನು ಇಂದಿಗೂ ಋಣಿ. ಒಂದನೆಯ ಗೇರಿನಲ್ಲಿ ಎಂಜಿನ್ ಗುಂಯ್ ಎನ್ನುತ್ತ ಭಾರವನ್ನೆಲ್ಲ ಹಿಂದಕ್ಕೆ ಜಗ್ಗಿ ಹಿಡಿದಿತ್ತು. ನಾನು ಬ್ರೇಕನ್ನು ಮುಟ್ಟಿ ಬಿಡುತ್ತಿದ್ದೆ. "ತುಳದ ಹಿಡೀಬ್ಯಾಡ, ಕಾಯ್ತದ. ಮುಟ್ಟು, ಬಿಡು. ಮುಟ್ಟು, ಬಿಡು." ಅವರ ದನಿ ಪಕ್ಕದಲ್ಲಿ ಒಂದೇ ಸಮ. ಗಾಡಿ ಕುಲುಕಿದಾಗೊಮ್ಮೆ ಅವರು ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು.

ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಎದುರಿಗೆ ಮೂರು ಎತ್ತಿನ ಗಾಡಿಗಳು ಮೇಲೆ ಬರುತ್ತಿದ್ದವು. ಮೊದಲ ಗಾಡಿಯ ಎತ್ತು ನಮ್ಮ ಸದ್ದಿಗೆ ಬೆದರಿ ಅಡ್ಡ ತಿರುಗಿತು. ನಾನು ಎರಡೂ ಕಾಲಿನ ಮೇಲೆ ಎದ್ದು ನಿಂತಂತೆ ಬ್ರೇಕ್ ತುಳಿದೆ. ಗಾಡಿ ಜಾರಿ, ಎತ್ತಿನ ಕೊಂಬಿಗೆ ನಾಲ್ಕು ಮಾರು ಇರುವಾಗ ನಿಂತಿತು. ಎಂಜಿನ್ ಸತ್ತಿತು. ಬ್ರೇಕಿನಿಂದ ಸುಟ್ಟ ವಾಸನೆ. ಹಿಂದೆ ರೈತರು ಜಿಗಿದ ಸದ್ದು, ಕಲ್ಲು ಗಾಲಿಗೆ ತಾಗಿದ ಸದ್ದು ಕೇಳಿದ ಮೇಲೆಯೇ ನಾನು ಉಸಿರು ಬಿಟ್ಟದ್ದು.

ಎತ್ತಿನ ಗಾಡಿಯವನು ಬೈಯಲು ಬಾಯಿ ತೆರೆದವನು ಸೀಟಿನಲ್ಲಿ ಕುಂಕುಮ, ಬಳೆ ಕಂಡು ಹಾಗೇ ನಿಂತ. "ಅಗಂ ಬಾಯೀ!" ಎಂದಷ್ಟೇ ಅಂದ. ಆಮೇಲೆ ತಾನೇ ಎತ್ತುಗಳ ಮೂಗುದಾರ ಹಿಡಿದು ಬದಿಗೆ ಸರಿಸಿದ. ಹಿಂದಿನ ಎರಡು ಗಾಡಿಗಳನ್ನೂ ನಿಲ್ಲಿಸಿ ದಾರಿ ಬಿಡಿಸಿದ.

ನನ್ನ ಗಂಡ ಬ್ರೇಕು ಆರುವವರೆಗೆ ಕಾಯಿಸಿದರು. ಆಮೇಲೆ ಮತ್ತೆ ಹ್ಯಾಂಡಲ್, ಮತ್ತೆ ಒಂದನೆಯ ಗೇರು. ಘಾಟ್ ಇಳಿದು ಬಯಲಿಗೆ ಬಂದಾಗ ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ರೈತರು ಪಕ್ಕದ ಬಾವಿಯಿಂದ ರೇಡಿಯೇಟರಿಗೆ ನೀರು ತರಲು ಹೋದರು. ಚಕ್ರದ ಮೇಲಿನಿಂದ ನನ್ನ ಬೆರಳುಗಳು ಬಿಡಿಸಿಕೊಳ್ಳಲೇ ಒಲ್ಲವು.

"ಆ ಹಿಡಿ ನಾನ ಏರಿಸಿದ್ದೆರಿ," ಎಂದೆ. "ಆಟಕ್ಕ ಏರಿಸಿದೆ. ಇಳಸೂದು ಮರತೆ."

"ಗೊತ್ತದ."

"ಯಾವಾಗ ಗೊತ್ತಾತು?"

"ಕೈ ಮುರಿದ ಕೂಡ್ಲೇ. ಅದು ಏರಿಸಿದ್ದು ಇದ್ದರನ ಹಂಗ ಒದೀತದ. ನೀನ ಓದಿ ಹೇಳಿದ್ದಿಯಲ್ಲ."

"ಮತ್ತ ಬೈಯಲಿಲ್ಲ ಯಾಕ?"

"ಬೈದಿದ್ದರ ನಿನ್ನ ಕೈ ನಡಗತಿದ್ದವು. ಘಾಟ್ ಯಾರು ಇಳಸತಿದ್ದರು?" ಆಮೇಲೆ ಅಂದರು, "ಹ್ಯಾಂಡಲ್ ಹಿಡಿಯೋ ಮೊದಲ ಹೋಗಿ ನೋಡೂದು ಹಿಡದವನ ಕೆಲಸ. ನಾ ನೋಡಲಿಲ್ಲ. ಅದು ನಂದ ತಪ್ಪು."

ಆಗ ನನಗೆ ಅಳು ಒಡೆದು ಬಂತು. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅವರು ಎಡಗೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಚಕ್ರದಿಂದ ಬಿಡಿಸಿದರು. ರೈತರು ಕೊಡ ಹಿಡಿದು ಬಂದವರು ನಮ್ಮನ್ನು ಕಂಡು ಮತ್ತೆ ಬಾವಿಯತ್ತ ತಿರುಗಿ ಹೋದರು.

ದೀಪ ಹಚ್ಚುವ ಹೊತ್ತಿಗೆ ಮಂಡಈ ಮುಟ್ಟಿದೆವು. ಹಮಾಲರು ಬುಟ್ಟಿ ಇಳಿಸುವುದನ್ನು ಬಿಟ್ಟು ನನ್ನನ್ನು ನೋಡುತ್ತ ನಿಂತರು. ನಾನು ತಲೆತಗ್ಗಿಸಿ ಚಕ್ರವನ್ನೇ ನೋಡುತ್ತಿದ್ದೆ. ಅಲ್ಲಿಂದ ಆಸ್ಪತ್ರೆ. ಡಾಕ್ಟರು ಎಲುಬು ಕೂರಿಸಿ ಪಟ್ಟಿ ಹಾಕಿ ಎರಡು ತಿಂಗಳು ಕೈ ಆಡಿಸಬಾರದೆಂದರು.

ಮನೆಯಲ್ಲಿ ಅತ್ತೆಗೆ ಏನು ಹೇಳುವುದು ಎಂದು ನನ್ನ ಗಂಡ ದಾರಿಯಲ್ಲಿ ಒಂದು ಕಥೆ ಕಟ್ಟಿದ್ದರು. ಹ್ಯಾಂಡಲ್ ಜಾರಿತು ಎಂದು. ನಾನು ಹೊಸ್ತಿಲಲ್ಲೇ ನಿಜ ಹೇಳಿಬಿಟ್ಟೆ. ಇನ್ನೊಬ್ಬರ ಬಾಯಿಯ ಸುಳ್ಳಿನ ಮರೆಯಲ್ಲಿ ಆ ಮನೆಯಲ್ಲಿ ಬಾಳುವುದು ನನ್ನಿಂದಾಗುತ್ತಿರಲಿಲ್ಲ. ಅತ್ತೆ ಮಗನ ಕೈ ಮುಟ್ಟಿ ನೋಡಿದರು, ಒಳಗೆ ಹೋದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮಗನಿಗೆ ತುತ್ತು ಮಾಡಿ ತಾವೇ ಉಣಿಸುತ್ತಿದ್ದರು, ನನಗೆ ತಟ್ಟೆ ಮುಂದೆ ಸರಿಸುತ್ತಿದ್ದರು, ಅಷ್ಟೇ. ಆ ಎರಡು ದಿನ ನನಗೆ ಘಾಟಿಗಿಂತ ಕಡಿದಾಗಿದ್ದವು.

ಮೂರನೆಯ ದಿನ ಮತ್ತೆ ಅಂಜೂರ ತರುವ ದಿನ. ನಾನು ಬೆಳಿಗ್ಗೆ ಒಲೆಯ ಮುಂದೆ ಸುಮ್ಮನೆ ಕೂತಿದ್ದೆ. ಅತ್ತೆ ಇಬ್ಬರಿಗೆ ಆಗುವಷ್ಟು ಭಕ್ಕರಿಯ ಗಂಟು ಕಟ್ಟಿ ನನ್ನ ಮಡಿಲಲ್ಲಿ ಇಟ್ಟರು.

"ಏಳು. ಹೊತ್ತಾತು. ಹಣ್ಣು ಯಾರ ಸಲುವಾಗಿ ಕಾಯಂಗಿಲ್ಲ."

"ಅತ್ತ್ಯಾರ, ನಾನು..."

"ಮುರಿದಕಿನೂ ನೀನ, ಹೊತ್ತಕೊಂಡು ಬಂದಕಿನೂ ನೀನ. ಮೊದಲಿಂದು ನಾ ಮರೀಲಿಕ್ಕೆ ಹತ್ತೇನಿ. ನೀನೂ ಮರಿ."

ಆ ಹಂಗಾಮು ಮುಗಿಯುವವರೆಗೆ ಗಾಡಿ ನಡೆಸಿದವಳು ನಾನು. ಲೈಸನ್ಸಿಗಾಗಿ ಒಬ್ಬ ಗೋರಾ ಅಧಿಕಾರಿಯ ಮುಂದೆ ಆಲದ ಮರವನ್ನು ಹಿಮ್ಮುಖವಾಗಿ ಸುತ್ತಿ ತೋರಿಸಬೇಕಾಯಿತು. ಆತ ನಗು ತಡೆಯಲು ಮೀಸೆ ತೀಡುತ್ತಿದ್ದ, ಕೊನೆಗೆ ತಲೆಯಲ್ಲಾಡಿಸಿ ಸಹಿ ಮಾಡಿದ. ನಮ್ಮ ಓಣಿಯ ಕೆಲವರು ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು. ಕೆಲವರು ಹಡಪಸರದ ಬೀಗರ ಮನೆಗೆ ಬಿಟ್ಟುಬರುತ್ತೀಯಾ ಎಂದು ಗುಟ್ಟಾಗಿ ಬಂದು ಕೇಳಿದರು. ಪಕ್ಕದಲ್ಲಿ ನನ್ನ ಗಂಡ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಿದ್ದರು. ಘಾಟ್ ಹತ್ತುವಾಗ ಅವರು ಸಣ್ಣಗೆ ಹಾಡಿಕೊಳ್ಳುತ್ತಾರೆಂದು ನನಗೆ ತಿಳಿದದ್ದು ಆಗಲೇ. ತಾವೇ ನಡೆಸುವಾಗ ಅವರು ಹಾಡುತ್ತಿರಲಿಲ್ಲ.

ಕೈ ಕೂಡಿತು. ಮಣಿಕಟ್ಟು ತುಸು ಸೊಟ್ಟಾಗಿಯೇ ಉಳಿಯಿತು. ಗಾಡಿ ಮತ್ತೆ ಅವರ ಕೈಗೆ ಹೋಯಿತು, ನನಗೆ ಮಕ್ಕಳಾದವು. ಆಗಾಗ, ಅವರಿಗೆ ಜ್ವರ ಬಂದಾಗಲೋ, ಗ್ಯಾರೇಜಿನಲ್ಲಿ ಕೆಲಸ ಮುಗಿಯದಾಗಲೋ ನಾನು ಹೋಗಿಬರುತ್ತಿದ್ದೆ.

ಎರಡನೆಯ ಮಹಾಯುದ್ಧ ಬಂದು ಪೆಟ್ರೋಲಿಗೆ ಕೂಪನ್ ಬಂತು. ಟೈರುಗಳು ಪೇಟೆಯಿಂದಲೇ ಕಾಣೆಯಾದವು. ಗಾಡಿ ಅಂಗಳದಲ್ಲಿ ನಿಲ್ಲತೊಡಗಿತು. ನಿಂತಲ್ಲೇ ತುಕ್ಕು ಹಿಡಿಯುವುದನ್ನು ನೋಡಲಾರದೆ ನನ್ನ ಗಂಡ ಅದನ್ನು ಖರಾಡಿಯ ಒಬ್ಬ ತರಕಾರಿ ಬೆಳೆಯುವವನಿಗೆ ಕೊಟ್ಟರು. ಇದ್ದಲಿನ ಹೊಗೆಯಿಂದ ಮೋಟಾರು ಓಡಿಸುವ ಡ್ರಮ್ಮನ್ನು ಆತ ಅದರ ಪಕ್ಕಕ್ಕೆ ಕೂರಿಸಿದನಂತೆ. ಒಯ್ಯುವ ದಿನ ಅತ್ತೆ ಮೊರದಲ್ಲಿ ಅಕ್ಕಿ, ಬೆಲ್ಲ ಇಟ್ಟು ಸೀಟಿನ ಮೇಲೆ ಇರಿಸಿದರು, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಇಡುವ ಹಾಗೆ.

ಯುದ್ಧ ಮುಗಿದ ಮರುವರ್ಷ ಒಂದು ಮುಂಜಿಯ ಊಟಕ್ಕೆಂದು ನಾವಿಬ್ಬರೂ ಟಾಂಗಾದಲ್ಲಿ ಆ ಕಡೆ ಹೋಗಿದ್ದೆವು. ನದಿಯ ಹತ್ತಿರ ನಮ್ಮ ಅರ್ಧ ಲಾರಿ ನಿಂತಿತ್ತು, ಬಣ್ಣ ಬದಲಾಗಿ, ತುಂಬ ಕೋಸುಗಡ್ಡೆ ಹೇರಿಕೊಂಡು. ನನ್ನ ಗಂಡ ಟಾಂಗಾ ನಿಲ್ಲಿಸಿ ಇಳಿದರು. ಜರಿಯ ಧೋತರದಲ್ಲೇ ಕುಕ್ಕರುಗಾಲಲ್ಲಿ ಕೂತು ಗಾಡಿಯ ಕೆಳಗೆ ತಲೆ ಹಾಕಿದರು. ಯಾರೋ ಓಡಿ ಬಂದು, "ಕಾಯ್ ಪಾಹಿಜೇ? ಏನು ಬೇಕು?" ಎಂದು ಜೋರು ಮಾಡಿದ. ಮಾರಿದಾಗ ಇದ್ದವನಲ್ಲ, ಹೊಸಬ.

"ಏನೂ ಇಲ್ಲ," ಎಂದರು ನನ್ನ ಗಂಡ ಮರಾಠಿಯಲ್ಲಿ, ಮೇಲೇಳುತ್ತ. "ಗಾಡಿ ಚೆನ್ನಾಗಿದೆಯೇ?"

"ಎಷ್ಟು ಹೇರಿದರೂ ಹೊರುತ್ತದೆ," ಎಂದ ಅವನು. "ಯಾರು ಕಟ್ಟಿದರೋ ಏನೋ."

ನನ್ನ ಗಂಡ ಈಗ ಹೇಳುತ್ತಾರೆ ಅಂದುಕೊಂಡೆ. ಅವರು ಬರೀ ತಲೆದೂಗಿ ಬಂದು ಟಾಂಗಾ ಹತ್ತಿದರು. ಕುದುರೆ ಹೊರಟಿತು.

"ಹೇಳಬೇಕಿತ್ತಲ್ಲರಿ, ನಾವ ಕಟ್ಟಿದ್ದು ಅಂತ," ಎಂದೆ.

ಅವರು ಧೋತರಕ್ಕೆ ಹತ್ತಿದ ಮಣ್ಣು ಕೊಡವಿಕೊಂಡರು. "ನಾವ ಅಂದ್ರ ಯಾರ್‍ಯಾರು ಅಂತ ಹೇಳಬೇಕಾಗ್ತಿತ್ತು," ಎಂದರು. "ಅದನ್ನ ಹೇಳ್ಕೋತ ನಿಂತರ ಊಟದ ಹೊತ್ತು ಮೀರತಿತ್ತು."